ಓಡುವ ಶಕ್ತಿ, ನಿಲ್ಲುವ ಯುಕ್ತಿ

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ ಊರು. ಅಂದು ಅಲ್ಲಿನ ದಾರಿಗಳಲ್ಲಿ ಸಾಗುತ್ತಿದ್ದುದು ಕುದುರೆ ಮತ್ತು ಎತ್ತಿನ ಗಾಡಿ. ಇಂದು ಅದೇ ಸೀಮೆಯ ರೈತನು ತೆಂಗು ಅಡಿಕೆಗಳನ್ನು ಲಾರಿಗಳಲ್ಲಿ ಪೇಟೆಗೆ ಕಳುಹಿಸುತ್ತಾನೆ. ವಿದ್ಯಾರ್ಥಿಯು ಬಸ್ಸನ್ನೇರಿ ಗುಬ್ಬಿಗೋ ತುಮಕೂರಿಗೋ ಹೋಗಿಬರುತ್ತಾನೆ. ಗಾಡಿಗೂ ಮೋಟಾರು ವಾಹನಕ್ಕೂ ಇರುವ ಅಂತರ ವೇಗವೊಂದೇ ಅಲ್ಲ. ಎತ್ತು ತಾನೇ ಎಳೆಯುತ್ತದೆ, ತಾನೇ ನಿಲ್ಲುತ್ತದೆ; ಹಳ್ಳ ಕಂಡರೆ ಒಡೆಯನು ಹೇಳದಿದ್ದರೂ ಹಿಂಜರಿಯುತ್ತದೆ. ಯಂತ್ರಕ್ಕೆ ಈ ವಿವೇಕವಿಲ್ಲ. ಆದುದರಿಂದಲೇ ಅದನ್ನು ಓಡಿಸಲು ಒಂದು ಅಂಗವೂ ನಿಲ್ಲಿಸಲು ಮತ್ತೊಂದು ಅಂಗವೂ ಬೇಕಾದುವು. ಮೊದಲನೆಯದು ಎಂಜಿನ್, ಎರಡನೆಯದು ಬ್ರೇಕು.

ಎಂಜಿನ್ನಿನ ಸಾಮರ್ಥ್ಯವನ್ನು ಇಂದಿಗೂ ಅಶ್ವಶಕ್ತಿಯಲ್ಲಿ ಹೇಳುವುದು ವಾಡಿಕೆ. ನೆರೆಯ ಕುಣಿಗಲ್ಲು ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದುದು. ಇಂದಿನ ಸಣ್ಣ ಕಾರೊಂದು ಸುಮಾರು ಎಂಬತ್ತು ಅಶ್ವಶಕ್ತಿಯನ್ನು ಮುಂಭಾಗದ ಪುಟ್ಟ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡಿರುತ್ತದೆ! ಇಷ್ಟು ಬಲ ಬರುವುದು ಬೆಂಕಿಯಿಂದ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಕ್ರಮವೇ ಇದಕ್ಕೆ ಆಧಾರ. ಸಿಲಿಂಡರ್ ಎಂಬ ಉರುಳೆಯೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಮೊದಲ ಸಲ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಸೆಳೆಯುತ್ತದೆ. ಮೇಲೇರುವಾಗ ಅದನ್ನು ಒತ್ತಿ ಕಿರಿದಾಗಿಸುತ್ತದೆ. ಆಗ ಕಿಡಿ ಹಾರಿ ಮಿಶ್ರಣವು ಉರಿಯುತ್ತದೆ. ಬಿಸಿಯಾದ ಅನಿಲವು ಹಿಗ್ಗಿ ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ನೂಕುತ್ತದೆ. ನಾಲ್ಕನೆಯ ಹೊಡೆತದಲ್ಲಿ ಹೊಗೆ ಹೊರಬೀಳುತ್ತದೆ. ನಾಲ್ಕರಲ್ಲಿ ದುಡಿಯುವುದು ಒಂದೇ ಹೊಡೆತ. ಉಳಿದ ಮೂರು ಅದಕ್ಕೆ ಸಿದ್ಧತೆ ಮತ್ತು ಶುಚಿತ್ವ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ ಇಪ್ಪತ್ತೈದು ಬಾರಿ ಬೆಂಕಿ ಹೊತ್ತುತ್ತದೆ. ಪಿಸ್ಟನ್ನಿನ ಈ ಏರಿಳಿತವನ್ನು ಕ್ರ್ಯಾಂಕ್ ದಂಡವು ತಿರುಗಾಟವಾಗಿ ಬದಲಿಸುತ್ತದೆ. ಆ ತಿರುಗಾಟವು ಗೇರುಗಳ ಮೂಲಕ ಗಾಲಿಗಳನ್ನು ಸೇರುತ್ತದೆ.

ಓಡುವುದನ್ನು ಕಲಿತ ಯಂತ್ರಕ್ಕೆ ನಿಲ್ಲುವುದನ್ನು ಕಲಿಸುವುದು ಸುಲಭವಾಗಿರಲಿಲ್ಲ. 1888ರಲ್ಲಿ ಕಾರ್ಲ್ ಬೆಂಜ್‌ನ ಪತ್ನಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಮೋಟಾರು ಗಾಡಿಯಲ್ಲಿ ಸಾಗಿದಳು. ದಾರಿಯಲ್ಲಿ ಮರದ ಬ್ರೇಕುಗಳು ಸವೆದುಹೋದಾಗ ಆ ಧೀರ ಮಹಿಳೆ ಚಮ್ಮಾರನೊಬ್ಬನಿಂದ ಅವುಗಳಿಗೆ ತೊಗಲು ಹೊದಿಸಿದಳು. ಇಂದು ಬ್ರೇಕಿನ ಪಟ್ಟಿಗಳ ಮೇಲೆ ಅಂಟಿಸುವ ಹೊದಿಕೆಯ ಮೂಲ ಕಲ್ಪನೆ ಇದೇ.

ಈಗಿನ ಕಾರುಗಳಲ್ಲಿ ಬ್ರೇಕಿಗೆ ಫ್ರಾನ್ಸಿನ ವಿಜ್ಞಾನಿ ಪಾಸ್ಕಲನ ನಿಯಮವು ನೆರವಾಗಿದೆ. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುತ್ತದೆ. ಚಾಲಕನು ಪೆಡಲನ್ನು ತುಳಿದಾಗ ಸಣ್ಣ ಪಿಸ್ಟನ್ನೊಂದು ಕೊಳವೆಯ ದ್ರವವನ್ನು ಒತ್ತುತ್ತದೆ. ಗಾಲಿಯ ಬಳಿಯ ದೊಡ್ಡ ಪಿಸ್ಟನ್ನು ಹಲವು ಪಟ್ಟು ಬಲದಿಂದ ಪಟ್ಟಿಗಳನ್ನು ತಿರುಗುವ ತಟ್ಟೆಗೆ ಅದುಮುತ್ತದೆ. ಉಜ್ಜಾಟದಿಂದ ಶಾಖ ಹುಟ್ಟುತ್ತದೆ, ವೇಗ ಕುಗ್ಗುತ್ತದೆ. ಎಂಜಿನ್ ಶಾಖವನ್ನು ಚಲನೆಯಾಗಿಸುತ್ತದೆ. ಬ್ರೇಕು ಚಲನೆಯನ್ನು ಮತ್ತೆ ಶಾಖವಾಗಿಸುತ್ತದೆ. ವಿದ್ಯುತ್ ಕಾರುಗಳು ಮಾತ್ರ ಈ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸಿಕೊಳ್ಳುತ್ತವೆ.

ಇಲ್ಲಿ ಗಣಿತದ ಒಂದು ಕಠಿಣ ಸತ್ಯವಿದೆ. ವೇಗವು ಎರಡರಷ್ಟಾದರೆ ಚಲನೆಯ ಶಕ್ತಿಯು ನಾಲ್ಕರಷ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರು ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 10 ಮೀಟರಿನಲ್ಲಿ ನಿಲ್ಲುವುದಾದರೆ, 72 ಕಿಲೋಮೀಟರು ವೇಗದ್ದಕ್ಕೆ 40 ಮೀಟರು ಬೇಕು. ಚಾಲಕನು ಅಪಾಯವನ್ನು ಕಂಡು ಪೆಡಲನ್ನು ತುಳಿಯುವ ಒಂದು ಸೆಕೆಂಡಿನಲ್ಲಿ ಮೊದಲನೆಯ ಕಾರು 10 ಮೀಟರನ್ನೂ ಎರಡನೆಯದು 20 ಮೀಟರನ್ನೂ ಆಗಲೇ ದಾಟಿರುತ್ತವೆ. ಮೂವತ್ತು ಮೀಟರು ಮುಂದೆ ಮಗುವೊಂದು ರಸ್ತೆಗಿಳಿಯಿತೆನ್ನೋಣ. ಮೊದಲನೆಯ ಕಾರು ಮಗುವಿಗೆ ಹತ್ತು ಮೀಟರು ದೂರದಲ್ಲಿ ನಿಲ್ಲುತ್ತದೆ. ಎರಡನೆಯದು ಮಗುವಿದ್ದ ಸ್ಥಳವನ್ನು ತಲುಪುವಾಗ ಅದರ ವೇಗ ಇನ್ನೂ ಅರುವತ್ತಕ್ಕೂ ಮಿಗಿಲಾಗಿರುತ್ತದೆ! ಮಳೆ ಬಿದ್ದ ರಸ್ತೆಯಲ್ಲಿ ಈ ಲೆಕ್ಕ ಮತ್ತಷ್ಟು ಕ್ರೂರವಾಗುತ್ತದೆ.

ದೇವರಾಯನದುರ್ಗದಂತಹ ಬೆಟ್ಟವನ್ನು ಇಳಿಯುವಾಗ ಅನುಭವಿ ಚಾಲಕನು ಕೆಳಗಿನ ಗೇರಿನಲ್ಲಿಯೇ ಸಾಗುತ್ತಾನೆ. ಎಂಜಿನ್ನೇ ಗಾಲಿಗಳನ್ನು ಹಿಡಿದೆಳೆದು ನಿಧಾನಿಸುತ್ತದೆ. ಬಿಡದೆ ಬ್ರೇಕನ್ನೇ ಒತ್ತುತ್ತಿದ್ದರೆ ಅದು ಮಿತಿಮೀರಿ ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಪೆಟ್ರೋಲು ಉಳಿಸುವ ಆಸೆಯಿಂದ ಇಳಿಜಾರಿನಲ್ಲಿ ಎಂಜಿನ್ ಆರಿಸುವುದಂತೂ ಅವಿವೇಕ. ಆಗ ಎಂಜಿನ್ನಿನ ತಡೆ ಇಲ್ಲವಾಗುತ್ತದೆ, ಪಾದದ ಬಲಕ್ಕೆ ಅದು ನೀಡುತ್ತಿದ್ದ ನೆರವೂ ತಪ್ಪಿ ಪೆಡಲು ಗಟ್ಟಿಯಾಗುತ್ತದೆ. ಉಳಿದ ಒಂದೆರಡು ರೂಪಾಯಿಗೆ ಪ್ರಾಣವೇ ಬೆಲೆಯಾದೀತು.

ಎಂಜಿನ್ನಿನ ಬಲವನ್ನು ಹೊಗಳುವವರು ಬಹಳ. ಬ್ರೇಕಿನ ಗುಣವನ್ನು ನೆನೆಯುವವರು ವಿರಳ. ಆದರೆ ನಿಲ್ಲಿಸಬಲ್ಲೆನೆಂಬ ಭರವಸೆ ಇಲ್ಲದ ವಾಹನವನ್ನು ಯಾರೂ ಹತ್ತಲಾರರು. ಎತ್ತಿನಲ್ಲಿದ್ದ ವಿವೇಕ ಯಂತ್ರದಲ್ಲಿಲ್ಲ. ಅದನ್ನು ಒದಗಿಸಬೇಕಾದವನು ಅದರ ಚುಕ್ಕಾಣಿ ಹಿಡಿದ ಮನುಷ್ಯನೇ.