ಸಾಗರವೆಂಬ ಹೆಸರಿನ ಊರಿನಲ್ಲಿ

ಬೇಸಿಗೆ ರಜೆಯಲ್ಲಿ ಗೆಳತಿಯ ಮನೆಗೆಂದು ಹನುಮಸಾಗರಕ್ಕೆ ಹೊರಟೆ. ಕುಷ್ಟಗಿ ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದು ಕಟಾವಾದ ಜೋಳದ ಹೊಲ, ಜಾಲಿ ಮರ, ಒಣ ಗುಡ್ಡಗಳ ಸಾಲು. ಹೆಸರಿನಲ್ಲಿ ಸಾಗರವಿದ್ದರೂ ತುಂಬಿ ಹರಿಯುವ ಹೊಳೆಯೊಂದೂ ಕಾಣಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವುದು ಗಂಗಾವತಿಯ ಕಡೆಗೆ. ಕುಷ್ಟಗಿ ಸೀಮೆಯದು ಮಳೆ ನಂಬಿದ ಬದುಕು. ಕಬ್ಬರಗಿ ಬಳಿಯ ಕಪಿಲತೀರ್ಥ ಜಲಪಾತವೂ ಮಳೆಗಾಲದ ಅತಿಥಿಯೇ.

ನೀರು ಕಡಿಮೆಯಿದ್ದಲ್ಲಿ ಅದನ್ನು ಕೂಡಿಡಲೇಬೇಕು. ಗೆಳತಿಯ ಅಂಗಳದಲ್ಲಿ ಸಿಮೆಂಟ್ ತೊಟ್ಟಿ, ಬ್ಯಾರಲ್, ಬಕೆಟ್‌ಗಳು ತುಂಬಿ ನಿಂತಿದ್ದವು. ನಾವು ಮಾತಿನಲ್ಲಿ ಮುಳುಗಿದ್ದಾಗ ಅವಳ ತಂಗಿಯ ಒಂದೂವರೆ ವರ್ಷದ ಮಗು ಬಕೆಟ್ ಹಿಡಿದು ಬಗ್ಗಿತ್ತು. ಅಜ್ಜಿ ಓಡಿ ಬಂದು ಎತ್ತಿಕೊಂಡರು. "ಇಷ್ಟ್ ನೀರಾಗ ಏನಾಕ್ಕೈತಿ ಬಿಡು" ಎಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ವಯಸ್ಸಿನಲ್ಲಿ ಮಗುವಿಗೆ ತಲೆಯೇ ಭಾರ. ಮುಖ ನೀರಿಗೆ ಬಿದ್ದರೆ ಎತ್ತಲು ಕಸುವಿಲ್ಲ, ಕೂಗಲು ಉಸಿರಿಲ್ಲ. ಸದ್ದಿಲ್ಲದೆ ಎಲ್ಲ ಮುಗಿದುಬಿಡುತ್ತದೆ.

ಸಂಜೆ ಹೊಲಕ್ಕೆ ಹೋದೆವು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಈ ಕಡೆ ಕೃಷಿ ಹೊಂಡಗಳು ಹೆಚ್ಚಿವೆ. ಬೆಳೆಗೆ ಅದು ವರ. ಆದರೆ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದರೆ, ಜಾರಿದ ದೊಡ್ಡವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇರಲೇಬೇಕು.

"ಹಸುಗೂಸುಗಳಿಗೂ ಈಜು ಕಲಿಸ್ತಾರಂತಲ್ಲ, ಮೊಬೈಲಿನ್ಯಾಗ ನೋಡೀನಿ" ಎಂದಳು ಗೆಳತಿ. ನಿಜ, ಅಮೆರಿಕದಲ್ಲಿ 1966ರಿಂದಲೂ ಕೂಸುಗಳಿಗೆ ಅಂಗಾತ ತೇಲುವುದನ್ನು ಕಲಿಸುವವರಿದ್ದಾರೆ. ಆದರೆ ಒಂದು ವರ್ಷದೊಳಗಿನ ಮಗುವನ್ನು ಈಜು ಪಾಠ ಮುಳುಗದಂತೆ ಕಾಯುತ್ತದೆ ಎನ್ನಲು ಆಧಾರವಿಲ್ಲವೆಂದು ಅಲ್ಲಿಯ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ನೀರಿನಲ್ಲಿ ಕೂಸು ಉಸಿರು ಹಿಡಿಯುವುದು ಹುಟ್ಟುಗುಣ, ಈಜಲ್ಲ. ಕೆಲವೇ ತಿಂಗಳಲ್ಲಿ ಅದೂ ಮರೆಯಾಗುತ್ತದೆ. ಒಂದು ವರ್ಷ ದಾಟಿದ ಮೇಲೆ ಪಾಠದಿಂದ ಲಾಭವುಂಟು, ಆದರೆ ಕೈಯಳತೆಯಲ್ಲಿ ದೊಡ್ಡವರು ಇರಲೇಬೇಕು.

ನಮಗೆ ಹತ್ತಿರದ ಪಾಠ ಬಾಂಗ್ಲಾದೇಶದ್ದು. ಅಲ್ಲಿನ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು, ಐದು ವರ್ಷದೊಳಗಿನವರನ್ನು 'ಆಂಚಲ್' ಎಂಬ ಶಿಶುಕೇಂದ್ರಗಳಲ್ಲಿ ನೋಡಿಕೊಂಡರು. ನಾಲ್ಕು ದಾಟಿದ ಹುಡುಗ ಹುಡುಗಿಯರಿಗೆ ಊರ ಕೆರೆಯಲ್ಲೇ ಬಿದಿರಿನ ಅಟ್ಟ ಕಟ್ಟಿ ಈಜು ಕಲಿಸಿದರು. ಈ ಎರಡರಿಂದಲೂ ಮುಳುಗಿ ಸಾಯುವ ಮಕ್ಕಳ ಸಂಖ್ಯೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಳಿಯಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮಲ್ಲಿಯೂ ಅಂಗನವಾಡಿಗಳಿವೆ, 2023ರಿಂದ 'ಕೂಸಿನ ಮನೆ'ಗಳಿವೆ. ದುಡಿಯುವ ತಾಯಂದಿರು ಅವನ್ನು ಬಳಸಬೇಕು.

ಈಜನ್ನು ವ್ಯರ್ಥವಲ್ಲದ ವಿನೋದಗಳ ಸಾಲಿನಲ್ಲಿ ಎಣಿಸಿದ ಹದೀಸನ್ನು ನಾನು ಮದ್ರಸದಲ್ಲಿ ಓದಿದ್ದೆ. ಆದರೂ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ದಡದಲ್ಲೇ ನಿಲ್ಲಿಸುತ್ತೇವೆ. ಮುಂದೆ ಮಗುವಿನ ಹಿಂದೆ ಓಡಬೇಕಾದವಳು ಅವಳೇ ಅಲ್ಲವೇ? ಹೆಂಗಸರೇ ಕಲಿಸುವ, ಮರೆಯಿರುವ ಜಾಗ ಹುಡುಕುವುದು ಹಿರಿಯರ ಹೊಣೆ.

ಇನ್ನೊಂದು ಮಾತು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ, ನೀರಲ್ಲಿ ಮುಳುಗಿದ ಮಕ್ಕಳನ್ನು ಬದುಕುತ್ತಾರೆಂದು ನಂಬಿ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟರು. ಆ ಹೆತ್ತವರನ್ನು ನೆನೆದರೆ ಕರುಳು ಕಿತ್ತು ಬರುತ್ತದೆ. ಉಪ್ಪು ಯಾರನ್ನೂ ಬದುಕಿಸುವುದಿಲ್ಲ. ಉಸಿರಿಲ್ಲದಿದ್ದರೆ ಆ ಕ್ಷಣವೇ ಅಂಗಾತ ಮಲಗಿಸಿ ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು. ಕೂಸಾದರೆ ಬಾಯಿ ಮೂಗು ಎರಡನ್ನೂ ಸೇರಿಸಿ. ಆಮೇಲೆ ಎದೆ ಒತ್ತಬೇಕು. ಜೊತೆಯಲ್ಲಿದ್ದವರು 108ಕ್ಕೆ ಕರೆ ಮಾಡಬೇಕು. ಆರೋಗ್ಯ ಕೇಂದ್ರದಲ್ಲಿ ಕೇಳಿ ಇದನ್ನು ಕಲಿತಿರಿ.

ಮರುದಿನ ಬೆಳಿಗ್ಗೆ ಹೊರಡುವಾಗ ಅಂಗಳದ ತೊಟ್ಟಿಗೆ ಹಳೆಯ ಬಾಗಿಲಿನ ಹಲಗೆ ಮುಚ್ಚಿತ್ತು, ಅದರ ಮೇಲೆ ಒಂದು ಕಲ್ಲು. ಬಕೆಟ್‌ಗಳು ಬೋರಲಾಗಿದ್ದವು. ಅಜ್ಜಿ ಏನೂ ಹೇಳಲಿಲ್ಲ, ನನ್ನನ್ನು ನೋಡಿ ತಲೆಯಾಡಿಸಿದರು. ಮಗು ಆ ಹಲಗೆಯನ್ನೇ ಪುಟ್ಟ ಕೈಯಿಂದ ಬಡಿಯುತ್ತಾ ಆಡುತ್ತಿತ್ತು.