ತಿಳಿನೀರಿನ ಗೆರೆ ಸರಿದಾಗ

ತುಂಗಭದ್ರಾ ಜಲಾಶಯದ ದಂಡೆಯಲ್ಲಿ ಮೀನಿನ ಮಾತೆತ್ತಿದರೆ ಸಾಕು, ಮುನಿರಾಬಾದಿನ ಕಡೆಯವರೂ ಹೊಸಪೇಟೆಯ ಕಡೆಯವರೂ ಒಂದೇ ದೂರು ಹೇಳುತ್ತಾರೆ: ಮೊದಲಿನ ಹಾಗೆ ಮೀನಿಲ್ಲ. ದೂರು ಸುಳ್ಳಲ್ಲ. ಆದರೆ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಮೀನು ಕಡಿಮೆಯಾಗಿರುವುದು ಒಂದು, ಇರುವ ಮೀನು ಜಾಗ ಬದಲಿಸಿರುವುದು ಇನ್ನೊಂದು. ಮೊದಲನೆಯದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಎರಡನೆಯದನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಇಷ್ಟು ದೊಡ್ಡ ನೀರಿನಲ್ಲಿ ಬಲೆ ಎಲ್ಲಿ ಬಿಡಬೇಕು ಎಂಬುದನ್ನು ಹೇಳುತ್ತಿದ್ದದ್ದು ಆಳಕ್ಕಿಂತ ಹೆಚ್ಚಾಗಿ ನೀರಿನ ತಿಳಿ. ಆ ತಿಳಿಯ ನಕ್ಷೆ ಏಳು ದಶಕಗಳಲ್ಲಿ ಬದಲಾಗಿಬಿಟ್ಟಿದೆ, ಹರಿಗೋಲುಗಳು ಮಾತ್ರ ಹಳೆಯ ನಕ್ಷೆ ಹಿಡಿದೇ ತಿರುಗುತ್ತಿವೆ ಎಂಬುದು ನನ್ನ ವಾದ.

1953ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಸುಮಾರು 90 ಹಳ್ಳಿಗಳ ಹೊಲ, ಗುಡಿ, ಬಾವಿ, ಗೋಡೆಗಳ ಮೇಲೆ 378 ಚದರ ಕಿಲೋಮೀಟರಿನ ಒಂದು ಸಮುದ್ರ ಹರಡಿಕೊಂಡಿತು. ಆ ಸಮುದ್ರದ ನೀರು ಎಲ್ಲ ಕಡೆ ಒಂದೇ ಬಗೆಯದಾಗಿರಲಿಲ್ಲ. ಭದ್ರೆಯ ಮಣ್ಣನ್ನು ಲಕ್ಕವಳ್ಳಿಯ ಭದ್ರಾ ಜಲಾಶಯವೇ ಬಹುಪಾಲು ತಡೆದುಕೊಳ್ಳುತ್ತದೆ. ಹಾಗಾಗಿ ಮುಂಗಾರಿನಲ್ಲಿ ಇಲ್ಲಿಗೆ ಇಳಿಯುವ ಬಗ್ಗಡದಲ್ಲಿ ಮಲೆನಾಡಿನ ಕೆಮ್ಮಣ್ಣು ಹೊತ್ತ ತುಂಗೆಯ ಪಾಲು, ಗಳಗನಾಥದ ಹತ್ತಿರ ಕೂಡಿಕೊಳ್ಳುವ ವರದೆಯ ಪಾಲು ದೊಡ್ಡದು. ಈ ಹೊಸನೀರು ಹೂವಿನಹಡಗಲಿ ಕಡೆಯ ಹಿನ್ನೀರಿಗೆ ಬಂದು ಸೇರುವಾಗ ಕೆಂಪಗೆ ಕುದಿಯುವಂತೆ ಕಾಣುತ್ತದೆ. ಮುಂದೆ ನೀರು ಅಗಲವಾಗುತ್ತ ಹೋದಂತೆ ಅದರ ವೇಗ ಸಾಯುತ್ತದೆ. ಮರಳು ಮೊದಲು, ಜೇಡಿ ಆಮೇಲೆ ತಳ ಹಿಡಿಯುತ್ತದೆ. ಮಣ್ಣು ಹೊತ್ತ ತಣ್ಣನೆಯ ನೀರು ತೂಕದ್ದಾದ್ದರಿಂದ ಒಂದು ಹಂತದಲ್ಲಿ ಬೆಚ್ಚಗಿನ ತಿಳಿನೀರಿನ ಅಡಿಗೆ ನುಸುಳಿಬಿಡುತ್ತದೆ. ಅದು ಮುಳುಗುವ ಕಡೆ ಕಡ್ಡಿ, ಎಲೆ, ನೊರೆಗಳೆಲ್ಲ ಸಾಲುಗಟ್ಟಿ ತೇಲುತ್ತವೆ. ಗೆರೆ ಎಳೆದಂತೆ ಇತ್ತ ಕೆಂಪು, ಅತ್ತ ತಿಳಿ.

ಮೀನುಗಾರಿಕೆ ನಡೆದದ್ದು ಈ ಗೆರೆಯ ಆಜುಬಾಜಿನಲ್ಲಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನದಿ ಹೊತ್ತು ತಂದ ಹುಳ, ಕಾಳು, ಕೊಳೆತ ಸೊಪ್ಪು ಗೆರೆಯ ಬಳಿ ಶೇಖರವಾಗುತ್ತದೆ. ತಿಳಿಯ ಕಡೆ ಬೆಳಕು ಇಳಿದು ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಬಗ್ಗಡದ ಕಡೆ ಬೇಟೆಗಾರ ಮೀನಿನ ಕಣ್ಣಿಗೆ ಬೀಳದಂತೆ ಅಡಗಿಕೊಳ್ಳಬಹುದು. ಊಟವೂ ಮರೆಯೂ ಒಂದೇ ಕಡೆ ಸಿಕ್ಕುವ ಜಾಗವನ್ನು ಯಾವ ಪ್ರಾಣಿ ತಾನೇ ಬಿಟ್ಟೀತು? ಬಲೆಯ ಲೆಕ್ಕವೂ ಇದಕ್ಕೆ ಕೂಡಿಬರುತ್ತಿತ್ತು. ನೀರಿನಲ್ಲಿ ಗೋಡೆಯಂತೆ ನಿಲ್ಲುವ ಕಣ್ಣಿನ ಬಲೆ ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಮೀನೇ ಬಂದು ತಲೆ ತೂರಿಸಬೇಕು. ಹತ್ತಿಯ ದಪ್ಪ ನೂಲಿನ ಬಲೆ ತಿಳಿನೀರಿನಲ್ಲಿ ಹಗಲು ಎದ್ದು ಕಾಣುತ್ತದೆ, ಗೆಂಡೆ ಜಾತಿಯ ಮೀನು ಅದನ್ನು ನೋಡಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಹಗಲಿನ ಬಲೆ ಬಗ್ಗಡಕ್ಕೆ, ರಾತ್ರಿಯ ಬಲೆ ತಿಳಿಗೆ, ಅದೂ ಬೆಳದಿಂಗಳಿಗಿಂತ ಕತ್ತಲ ಪಕ್ಷದಲ್ಲಿ. ಮೀನಿನ ಜಾತಿಗೆ ತಕ್ಕ ಹಾಗೆ ಈ ಲೆಕ್ಕವನ್ನು ಇನ್ನಷ್ಟು ತಿದ್ದಬೇಕಾಗುತ್ತದೆ. ಗಂಗಾ ಬಯಲಿನಿಂದ ತಂದು ಬಿಟ್ಟ ಕಾಟ್ಲಾ ಮೇಲ್ನೀರಿನದು, ರೋಹು ನಡುನೀರಿನದು, ಮೃಗಾಲ ತಳದ್ದು. ನೀರು ತೀರ ತಿಳಿಯಾಗಿ ಬಿಸಿಲು ಚುರುಗುಟ್ಟಿದರೆ ಕಾಟ್ಲಾ ಕೂಡ ಕೆಳಗಿಳಿಯುತ್ತದೆ. ಬಾಳೆ ಮೀನಿನ ಸಂಸಾರವೇ ಬೇರೆ. ಅದು ಕಣ್ಣಿಗಿಂತ ಉದ್ದ ಮೀಸೆಯನ್ನೂ ಮೂಗನ್ನೂ ನಂಬಿದ ಬೇಟೆಗಾರ. ಉಳಿದವು ಕುರುಡಾಗುವ ಕದಡು ನೀರೇ ಅದಕ್ಕೆ ಅನುಕೂಲ.

ನೀರಿನ ತಿಳಿಯನ್ನು ಅಳೆಯಲು ವಿಜ್ಞಾನಿಗಳು ಇವತ್ತಿಗೂ ಬಳಸುವುದು ಒಂದು ತಟ್ಟೆಯನ್ನು. 1865ರಲ್ಲಿ ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ ಪೋಪರ ಹಡಗಿನಿಂದ ಹಗ್ಗ ಕಟ್ಟಿದ ಬಿಳಿ ತಟ್ಟೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಬರೆದುಕೊಂಡ. ಆ ಆಳದ ಸುಮಾರು ಎರಡರಿಂದ ಮೂರು ಪಟ್ಟು ಕೆಳಗಿನವರೆಗೆ ಪಾಚಿ ಬೆಳೆಯುವಷ್ಟು ಬೆಳಕು ಇರುತ್ತದೆ ಎಂಬುದು ಒರಟು ಲೆಕ್ಕ. ಹರಿಗೋಲಿನವರ ಕೈಯಲ್ಲಿರುವ ಹುಟ್ಟು ಕೂಡ ಇದೇ ಕೆಲಸ ಮಾಡಬಲ್ಲದು: ಅದರ ಅಲಗು ಗೇಣಿಗೇ ಮಾಯವಾಯಿತೋ, ಮೊಳ ದಾಟಿದರೂ ಕಾಣುತ್ತಿದೆಯೋ ಎಂಬುದರ ಮೇಲೆ ಅವತ್ತಿನ ಜಾಗ ತೀರ್ಮಾನವಾಗಬಹುದು. ಸೆಕ್ಕಿಯ ತಟ್ಟೆಯನ್ನು ವಿದ್ಯೆ ಎನ್ನುವ ನಾವು ಹುಟ್ಟಿನ ಅಲಗನ್ನು ಬರೀ ರೂಢಿ ಎಂದು ತಳ್ಳಿಹಾಕುತ್ತೇವೆ.

ಇನ್ನು ಬದಲಾವಣೆಯ ಮಾತು. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105.79 ಟಿಎಂಸಿ, ಉಳಿದದ್ದು ಹೂಳು. ನಷ್ಟವಾದ ನೀರಾವರಿಯ ಕತೆಯಾಗಿ ಈ ಅಂಕಿ ಎಲ್ಲರಿಗೂ ಗೊತ್ತು. ಇದನ್ನು ಮೀನಿನ ಕಡೆಯಿಂದ ಓದಿದರೆ ಬೇರೆಯೇ ಅರ್ಥ ಬರುತ್ತದೆ. ತುಂಬಿದ ಜಲಾಶಯದ ವಿಸ್ತಾರಕ್ಕೆ ಈ ನೀರನ್ನು ಹಂಚಿ ನೋಡಿದರೆ, ಸರಾಸರಿ ಆಳ ಸುಮಾರು 33 ಅಡಿಯಿಂದ 26 ಅಡಿಗೆ ಇಳಿದ ಹಾಗಾಯಿತು. ಮೇಲ್ತುದಿಯ ಹಿನ್ನೀರಿನಲ್ಲಿ ಏರಿದ ಹೂಳಂತೂ ಎದ್ದು ಕಾಣುವಂಥದ್ದು. ಆಳವಿದ್ದಾಗ ಒಮ್ಮೆ ತಳ ಸೇರಿದ ಜೇಡಿ ಅಲ್ಲೇ ಮಲಗಿರುತ್ತಿತ್ತು. ಆಳ ತೆಳುವಾದ ಮೇಲೆ ಪಡುವಣ ಗಾಳಿಯ ಅಲೆಯೇ ತಳ ಮುಟ್ಟಿ ಅದನ್ನು ಎಬ್ಬಿಸುತ್ತದೆ. ಮಳೆ ನಿಂತು ವಾರಗಳಾದರೂ ಆ ಭಾಗ ತಿಳಿಯಾಗುವುದಿಲ್ಲ. ಬೇಸಿಗೆಯಲ್ಲಿ ನೀರು ಕೆಲವೇ ಟಿಎಂಸಿಗೆ ಇಳಿದಾಗ ಬಯಲಾಗುವ ಹೂಳಿನ ನೆಲವನ್ನು ಮೊದಲ ಮಳೆ ಮತ್ತೆ ಕರಗಿಸಿ ತರುತ್ತದೆ. ಹೀಗೆ ಗೆರೆಯೇ ಕೆಳಕ್ಕೆ, ಅಣೆಕಟ್ಟಿನ ಕಡೆಗೆ ಸರಿದಿದೆ, ಮೇಲಾಗಿ ಮಸುಕಾಗಿದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಮುಳುಗಿದ ಗೋಡೆ, ಕಟ್ಟೆ, ಮರದ ಬೊಡ್ಡೆಗಳು ತಿಳಿನೀರಿನಲ್ಲಿ ಮೀನಿಗೆ ಮರೆ ಕೊಡುತ್ತಿದ್ದವು. ಅವು ಹೂಳಿನಡಿ ಹೋದ ಕಡೆಯಲ್ಲೆಲ್ಲ ಮರೆಯೆಂದು ಉಳಿದದ್ದು ಬಗ್ಗಡವೊಂದೇ.

ಇದಕ್ಕಿಂತ ಹೊಸದು ಹಸಿರು ನೀರು. ಈಚಿನ ವರ್ಷಗಳಲ್ಲಿ ಮಳೆಗಾಲ ಕಳೆದು ಬಗ್ಗಡ ಇಳಿಯುತ್ತಿದ್ದಂತೆ ಜಲಾಶಯ ಬಣ್ಣ ಕದಡಿದಂತೆ ಹಸಿರಾಗುವುದನ್ನು ಡ್ಯಾಮ್ ನೋಡಲು ಬಂದವರೆಲ್ಲ ಕಂಡಿದ್ದಾರೆ. ಹೊಲಗಳಿಂದ ತೊಳೆದು ಬಂದ ಗೊಬ್ಬರ, ನದಿಯುದ್ದಕ್ಕೂ ಇರುವ ಊರು ಕಾರ್ಖಾನೆಗಳ ಕೊಳಕು ನೀರಿನಲ್ಲಿದೆ. ಮಣ್ಣು ತಳ ಸೇರಿ ಬೆಳಕು ಒಳಗಿಳಿದದ್ದೇ ತಡ, ನೀಲಿ ಹಸಿರು ಪಾಚಿ ಉಕ್ಕುತ್ತದೆ. ಅಂದರೆ ತಿಳಿಯಾಗಬೇಕಾದ ಕಾಲದಲ್ಲೇ ನೀರು ಮತ್ತೆ ಕುರುಡಾಗುತ್ತದೆ. ಪಾಚಿ ಮೀನಿನ ಆಹಾರವಲ್ಲವೇ, ಹಸಿರಾದಷ್ಟೂ ಮೀನು ಕೊಬ್ಬಬೇಕಲ್ಲವೇ ಎಂದು ಕೇಳುವವರಿದ್ದಾರೆ. ಎಲ್ಲ ಪಾಚಿಯೂ ಒಂದೇ ಅಲ್ಲ. ಲೋಳೆಯೊಳಗೆ ಗುಂಪುಗಟ್ಟುವ ಈ ಜಾತಿಯನ್ನು ಅರಗಿಸಿಕೊಳ್ಳುವುದು ಹೊಟ್ಟೆಯಲ್ಲಿ ಆಮ್ಲವಿಲ್ಲದ ಗೆಂಡೆಗಳಿಗೆ ಕಷ್ಟ. ನಮ್ಮ ಕೆರೆಕಟ್ಟೆಗಳಲ್ಲೆಲ್ಲ ಹಬ್ಬಿರುವ ಜಿಲೇಬಿ ಮೀನಿಗೆ ಮಾತ್ರ ಅದು ದಕ್ಕುತ್ತದೆ. ಜೊತೆಗೆ ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಉಸಿರಾಡುತ್ತದೆ, ಬೆಳಗಿನ ಜಾವಕ್ಕೆ ದಟ್ಟ ಹಸಿರಿನ ನೀರು ಉಸಿರುಗಟ್ಟಿರುತ್ತದೆ. ಕೆಂಪು ಬಗ್ಗಡದ ಅಂಚಿನಲ್ಲಿ ಮೀನು ನಿಲ್ಲುತ್ತದೆ. ಹಸಿರು ಕೆನೆಗಟ್ಟಿದ ಕಡೆ ಆ ಹೊತ್ತಿನಲ್ಲಿ ನಿಲ್ಲುವುದಿಲ್ಲ. ಎರಡೂ ಹುಟ್ಟಿನ ಅಲಗನ್ನು ಗೇಣಿಗೇ ನುಂಗುತ್ತವೆ, ಆದರೆ ಒಂದಕ್ಕೆ ಕಲಿತ ಪಾಠ ಇನ್ನೊಂದಕ್ಕೆ ಹೊಂದುವುದಿಲ್ಲ. ಹಳೆಯ ಅರಿವು ಸೋತದ್ದು ಇಲ್ಲಿ ಎಂದು ನನಗನ್ನಿಸುತ್ತದೆ.

ಗಟ್ಟಿ ಆಕ್ಷೇಪಣೆ ಬೇರೆ ಇದೆ. ಮೀನು ಕಡಿಮೆಯಾದದ್ದು ಅತಿಯಾಗಿ ಹಿಡಿದದ್ದರಿಂದ; ಅಲಿವಿ ಬಲೆ ಮರಿಗಳನ್ನೂ ಬಿಡದೆ ಬಾಚಿತು; ತಿಳಿ, ಬಗ್ಗಡ ಎಂಬ ಮಾತೆಲ್ಲ ನೆಪ ಎನ್ನುತ್ತಾರೆ. ದಂಡೆಗೆ ಎಳೆಯುವ ಆ ದೈತ್ಯ ಬಲೆಯ ಸಣ್ಣ ಕಣ್ಣುಗಳು ಮಾಡಿದ ಹಾನಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲಿವಿ ಎಳೆಯಲು ತಗ್ಗುದಿಣ್ಣೆಯಿಲ್ಲದ, ಬೊಡ್ಡೆ ಕಲ್ಲುಗಳಿಲ್ಲದ ಇಳಿಜಾರು ದಂಡೆ ಬೇಕು. ಹೂಳು ಗೋಡೆಗಳನ್ನು ಮುಚ್ಚಿ ಅಂಥ ದಂಡೆಯನ್ನೇ ಹಾಸಿಕೊಟ್ಟಿತು; ದಂಡೆಯ ಬಗ್ಗಡದಲ್ಲಿ ಅಡಗಲು ಬಂದ ಮರಿಗಳು ಬಲೆಯ ದಾರಿಯಲ್ಲೇ ಇದ್ದವು. ಹಾಗಾಗಿ ಇವೆರಡನ್ನೂ ಎರಡು ಕಾರಣ ಎಂದು ಬೇರ್ಪಡಿಸಿ ಇಡಲಾಗದು. ನೈಲಾನಿನ ಒಂಟಿ ಎಳೆಯ ಬಲೆ ನೀರಿನಲ್ಲಿ ಕಾಣುವುದೇ ಇಲ್ಲ, ಇನ್ನು ತಿಳಿಯ ಗೊಡವೆ ಏಕೆ ಎಂಬ ಮಾತೂ ಇದೆ. ಹೊಸದರಲ್ಲಿ ನಿಜ. ನಾಲ್ಕು ದಿನ ನೀರಿನಲ್ಲಿ ಬಿಟ್ಟ ಬಲೆಗೆ ಲೋಳೆ, ಜೇಡಿ ಮೆತ್ತಿಕೊಂಡರೆ ಅದೂ ನೂಲಿನ ಬಲೆಯಂತೆಯೇ ಕಾಣುತ್ತದೆ. ಅಲ್ಲದೆ ಬಲೆ ಕಾಣುವುದು ಬಿಡುವುದು ಅರ್ಧ ಮಾತು. ಮೀನು ಅಲ್ಲಿಗೆ ಬರಬೇಕಲ್ಲ.

ನೀರಿನ ಮಟ್ಟವೇ ಎಲ್ಲಕ್ಕೂ ಮೂಲ ಎನ್ನುವವರ ವಾದವನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ಮಟ್ಟ ಇಳಿದಾಗ ಮೀನು ಒತ್ತಾಗುತ್ತದೆ, ಏರಿದಾಗ ಚದುರುತ್ತದೆ. ಆದರೆ 1,633 ಅಡಿ ತುಂಬಿದ ಎರಡು ವರ್ಷಗಳಲ್ಲಿ ಒಂದರಲ್ಲಿ ನೀರು ಬೇಗ ತಿಳಿಯಾಗಿ, ಇನ್ನೊಂದರಲ್ಲಿ ಹಸಿರುಗಟ್ಟಿದರೆ, ಮಟ್ಟ ಒಂದೇ ಆದರೂ ಬಲೆಯ ಜಾಗ ಒಂದೇ ಆಗದು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ನಾಡು ಟಿಎಂಸಿ, ಕ್ಯುಸೆಕ್‌ಗಳನ್ನು ಎಣಿಸಿತು. ಕ್ರಸ್ಟ್ ಗೇಟಿನಿಂದ ಹೋಗುವುದು ಮೇಲ್ಪದರದ ನೀರು, ತಳದ ಹೂಳು ಅಲ್ಲೇ ಉಳಿಯುತ್ತದೆ ಎಂಬ ಮಾತು ಆ ಗದ್ದಲದಲ್ಲಿ ಕೇಳಲಿಲ್ಲ. ಜಲಾಶಯದ ದೈನಂದಿನ ವರದಿ ಇವತ್ತಿಗೂ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಎಂದು ಪತ್ರಿಕೆಗಳಲ್ಲಿ ಬರುತ್ತದೆ. ನೀರು ಎಷ್ಟು ತಿಳಿಯಾಗಿದೆ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ.