ಹಾಡುವ ಪೆಟ್ಟಿಗೆಗೆ ಅರಗಿನ ಹೊಳಪು

ಮರದ ಸಾಮಾನು ಮಾಡಿಸುವಾಗ ನಾವು ಹೆಂಗಸರು ಅಳತೆ ಕೇಳುತ್ತೇವೆ, ಬೆಲೆ ಕೇಳುತ್ತೇವೆ. ಕಡೆಗೆ ಬಡಗಿ "ಮೇಲೆ ಏನು ಹಾಕ್ಲಿ ಅಮ್ಮಾ?" ಎಂದರೆ "ಏನೋ ಒಂದು, ಹೊಳೆಯೋ ಹಾಗೆ ಹಾಕಪ್ಪ" ಎಂದುಬಿಡುತ್ತೇವೆ. ಆಮೇಲೆ ಅದನ್ನು ಒರೆಸುವವರು ನಾವೇ, ಕಲೆಯಾಯಿತೆಂದು ಗೊಣಗುವವರೂ ನಾವೇ! ಅದಕ್ಕೇ ಈ ನಾಲ್ಕು ಮಾತು.

ನಮ್ಮ ಮಾವನವರದೊಂದು ಹಳೆಯ ರೆಕಾರ್ಡ್ ಪ್ಲೇಯರ್ ಇದೆ. ಅವರಿರುವ ತನಕ ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅತ್ತೆಯವರೂ ಅಷ್ಟೆ, ಅಡಿಗೆಮನೆಯಿಂದಲೇ ಕೇಳಬೇಕಿತ್ತು. ಮಾವನವರು ಹೋದ ಮೇಲೆ ಅದರ ಪ್ಲೈವುಡ್ ತಳ ಉಬ್ಬಿ ಪದರ ಬಿಟ್ಟಿತು. ನನ್ನ ಮಗ ಅಟ್ಟದ ಮೇಲಿದ್ದ ಅಕ್ಕಿ ಪೆಟ್ಟಿಗೆಯ ಹಲಸಿನ ಹಲಗೆ ಬಿಚ್ಚಿ, ಬಡಗಿಯ ಜೊತೆ ಕೂತು ಹೊಸ ಪೀಠ ಮಾಡಿದ. ಎಂಬತ್ತು ತುಂಬಿದ ಅತ್ತೆಯವರು ಹಲಗೆಯನ್ನು ಕೈಯಿಂದ ಸವರಿ, "ಇನ್ಮೇಲೆ ನಾನೇ ಹಾಕ್ಕೊಂಡು ಕೇಳ್ತೀನಿ ಕಣೇ" ಅಂದರು.

ನಮ್ಮವರು ಒಪ್ಪಲಿಲ್ಲ. "ಅಮ್ಮನಿಗೆ ಕಣ್ಣು ಮಂಜು. ಬಿಸಿ ಕಾಫಿ ಲೋಟ ತಂದು ಅದರ ಮೇಲೇ ಇಡ್ತಾರೆ. ಸನ್‌ಮೈಕಾ ಅಂಟಿಸಿಬಿಡೋಣ. ಇಲ್ಲಾಂದ್ರೆ ಬೇಕಾದಾಗ ನಾನೇ ಹಾಕಿಕೊಡ್ತೀನಿ" ಅಂದರು. ಈ ವಯಸ್ಸಿನಲ್ಲೂ ಆಕೆ ಒಂದು ಹಾಡಿಗೆ ಇನ್ನೊಬ್ಬರ ಬಿಡುವು ಕಾಯಬೇಕೆ? ನನಗೆ ಸರಿಬರಲಿಲ್ಲ. ಪೀಠಕ್ಕೆ ಏನು ಬಳಿಯಬೇಕೆಂದು ನಾನೇ ವಿಚಾರಿಸಲು ಹೊರಟೆ.

ಸನ್‌ಮೈಕಾ ಅಂಟಿಸಿದರೆ ಬಿಸಿಯ ಭಯ ಕಡಿಮೆ, ಆದರೆ ಹಲಸಿನ ಚಂದ ಮುಚ್ಚಿಹೋಗುತ್ತೆ. ಪಿ.ಯು. ಎಂಬ ಹೊಸ ಕಾಲದ ಲೇಪ ನೀರು, ಶಾಖ ಎರಡನ್ನೂ ಚೆನ್ನಾಗಿ ತಡೆಯುತ್ತೆ. ಆದರೆ ಹಚ್ಚುವಾಗಿನ ಘಾಟು ಉಬ್ಬಸದ ಅತ್ತೆಯವರಿಗೆ ಆಗದು. ಆಳವಾಗಿ ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕುವುದೂ ಕಷ್ಟ. ಅಗಸೆ ಎಣ್ಣೆ ಬಳಿಯುವುದು ಸುಲಭ, ಒಣಗುವುದು ನಿಧಾನ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಕಾವೇರಿ ಬೆಂಕಿ ಹತ್ತಬಹುದು, ಹರವಿಯೇ ಒಣಗಿಸಬೇಕು. ಉಳಿದದ್ದು ಅರಗಿನ ಪಾಲಿಶ್. ಬಿಸಿ ಲೋಟ ಇಟ್ಟರೆ ಇದರ ಮೇಲೆ ಬಿಳಿ ಉಂಗುರ ಬೀಳುವುದು ನಿಜ. ಆದರೆ ಅದನ್ನು ಮನೆಯಲ್ಲೇ ಸರಿಮಾಡಬಹುದು.

ಅರಗೆಂದರೆ ಮುತ್ತುಗದಂಥ ಮರಗಳ ರೆಂಬೆಯ ಮೇಲೆ ಸಣ್ಣ ಹುಳು ಸುರಿಸುವ ಅಂಟು. ನಮ್ಮೂರಿಗೆ ಇದು ಹೊಸದಲ್ಲ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಆರಂಭವಾಯಿತು. 1962ರಿಂದ ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿ ಮಾಡುವುದೂ ಅದೇ. ಇನ್ನೊಂದು ಸ್ವಾರಸ್ಯ ಕೇಳಿ: ಮಾವನವರ 78 ಸುತ್ತಿನ ಹಳೆಯ ರೆಕಾರ್ಡುಗಳಲ್ಲೂ ಇರುವುದು ಇದೇ ಅರಗು! ಆದ್ದರಿಂದ ಅಂಥ ರೆಕಾರ್ಡನ್ನು ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಕರಗಿಹೋಗುತ್ತೆ.

ಪಾಲಿಶಿನಿಂದ ನಾದ ಬದಲಾಗುತ್ತೆ ಎಂದು ಮಗನ ಸ್ನೇಹಿತನೊಬ್ಬ ಹೆದರಿಸಿದ. ಇದೇನು ವೀಣೆಯೆ? ಇಂಥ ಪೀಠಕ್ಕೆ ಬೇಕಾದ್ದು ದಪ್ಪ ಹಲಗೆ, ಸಮತಟ್ಟಾದ ಜಾಗ, ಅಲ್ಲಾಡದ ರಬ್ಬರ್ ಕಾಲು. ತೆಳುವಾದ ಪಾಲಿಶಿನಿಂದ ನಮ್ಮ ಕಿವಿಗೆ ತಿಳಿಯುವಂಥ ವ್ಯತ್ಯಾಸವೇನೂ ಆಗದು.

ಮಾಡುವ ಕ್ರಮ ಹೀಗೆ: 100 ಗ್ರಾಂ ಅರಗಿನ ಚಕ್ಕೆಯನ್ನು ಗಾಜಿನ ಸೀಸೆಯಲ್ಲಿ ಅರ್ಧ ಲೀಟರ್ ಪಾಲಿಶ್ ಸ್ಪಿರಿಟ್ಟಿಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಪ್ಲೇಯರನ್ನು ಪೀಠದಿಂದ ತೆಗೆದಿಟ್ಟು, ಹಲಗೆಯನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಧೂಳು ಒರೆಸಿ. ಹತ್ತಿಯ ಉಂಡೆಯನ್ನು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಪಾಲಿಶಿನಲ್ಲಿ ಅದ್ದಿ, ತೆಳ್ಳಗೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಹೀಗೆ ಎಂಟು ಹತ್ತು ಸಲ. ಮಳೆ ಮೋಡದ ದಿನ ಬೇಡ, ಮಂಕಾಗುತ್ತೆ. ಸ್ಪಿರಿಟ್ ವಿಷ, ಬೆಂಕಿಯನ್ನೂ ಬೇಗ ಹಿಡಿಯುತ್ತೆ. ಅರಗಿನ ಮನೆಯ ಕಥೆ ನಿಮಗೆ ಗೊತ್ತೇ ಇದೆ! ಒಲೆಯಿಂದ ದೂರ, ಕಿಟಕಿ ತೆರೆದು, ಮಕ್ಕಳ ಕೈಗೆ ಸಿಗದಂತೆ ಕೆಲಸ ಮಾಡಿ.

ಹಲಸು ಈಗ ಜೇನಿನ ಬಣ್ಣಕ್ಕೆ ತಿರುಗಿದೆ. ಅತ್ತೆಯವರು ಮುಳ್ಳನ್ನು ತಡವಿ ತಡವಿ ತಾವೇ ಇಡುತ್ತಾರೆ. ಮೂರು ತಿಂಗಳಲ್ಲಿ ಎರಡು ಬಿಳಿ ಉಂಗುರ ಬಿದ್ದವು. "ನೋಡಿದ್ಯಾ, ನಾನು ಹೇಳಿರಲಿಲ್ವಾ?" ಎಂದರು ನಮ್ಮವರು. "ಹೇಳಿದ್ರಿ, ಅದಕ್ಕೇ ಈ ಪಾಲಿಶ್ ಹಾಕಿದ್ದು" ಎಂದೆ. ಬಟ್ಟೆಗೆ ಸ್ಪಿರಿಟ್ ಸೋಕಿದೆಯೋ ಇಲ್ಲವೋ ಎಂಬಷ್ಟು ತಾಗಿಸಿ, ಎಲ್ಲೂ ನಿಲ್ಲಿಸದೆ ಸರ್ರನೆ ಸವರಿದೆ. ಎರಡೂ ಮಾಯವಾದವು. ಅತ್ತೆಯವರನ್ನು ಯಾರೂ ಗದರಬೇಕಾಗಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಸಾಮಾನು ಮಾಡಿಸುವಾಗ, ಅದನ್ನು ದಿನಾ ಮುಟ್ಟುವವರು ಯಾರು ಎಂದು ಮೊದಲು ನೋಡಿ, ಆಮೇಲೆ ಬಡಗಿಗೆ ಉತ್ತರ ಹೇಳಿ. ಮಿಕ್ಕ ಪಾಲಿಶನ್ನು ಬಿಗಿಯಾಗಿ ಮುಚ್ಚಿ, ತಾರೀಖು ಬರೆದಿಡಿ. ಆರು ತಿಂಗಳು ದಾಟಿದರೆ ಸರಿಯಾಗಿ ಒಣಗದೆ ಇರಬಹುದು.